ಹದಿಹರೆಯದವರಿಗೆ ಪಾಕಿಸ್ತಾನದ ಕಲೆ: ತಖ್ತಿ ಹಲಗೆ, ಟ್ರಕ್ ಚಿತ್ತಾರ, ರಲ್ಲಿ ಕೌದಿಯನ್ನು ಕೈಗೇ ಕೊಡುವ ಬಗೆ

ಶಾಲೆಯಲ್ಲೋ ಗ್ರಂಥಾಲಯದಲ್ಲೋ ಹೊರದೇಶದ ಕನ್ನಡ ಕೂಟದಲ್ಲೋ ‘ನೆರೆನಾಡಿನ ಸಂಸ್ಕೃತಿ’ ಎಂದು ಒಂದು ದಿನ ಇಟ್ಟುಕೊಂಡರೆ ಅದು ಸಾಮಾನ್ಯವಾಗಿ ಹೀಗಿರುತ್ತದೆ: ಗೋಡೆಗೆ ಹಸಿರು ಬಾವುಟ, ತಟ್ಟೆಯಲ್ಲಿ ಬಿರಿಯಾನಿ, ಸ್ಪೀಕರಿನಲ್ಲಿ ಒಂದು ಖವ್ವಾಲಿ, ಜೊತೆಗೆ ಉದ್ದುದ್ದ ಸ್ಲೈಡುಗಳು. ಹದಿನಾಲ್ಕು ಹದಿನೈದರ ಮಕ್ಕಳು ಮೂರನೆಯ ಸ್ಲೈಡಿಗೇ ಮೊಬೈಲ್ ತೆಗೆದಿರುತ್ತಾರೆ. ತಪ್ಪು ಅವರದಲ್ಲ. ಆ ವಯಸ್ಸಿಗೆ ‘ಒಂದು ದೇಶ’ ಎಂಬುದು ಹಿಡಿತಕ್ಕೆ ಸಿಗುವ ವಸ್ತುವಲ್ಲ. ಒಂದು ಹಲಗೆ, ಒಂದು ಕುಂಚ, ಒಂದು ಸೂಜಿ ಸಿಗುತ್ತದೆ.

ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಭಾಷಣ ಕಡಿಮೆ, ಕೈಕೆಲಸ ಹೆಚ್ಚು. ವಾರಕ್ಕೊಂದರಂತೆ ಐದು ಬೈಠಕ್, ಒಂದೊಂದೂ ಎರಡು ತಾಸು. 13ರಿಂದ 17ರ ವಯಸ್ಸಿನ ಹತ್ತು ಹನ್ನೆರಡು ಮಕ್ಕಳು, ಇಬ್ಬರು ಹಿರಿಯರು. ಹನ್ನೆರಡಕ್ಕಿಂತ ಹೆಚ್ಚಾದರೆ ಹಲಗೆ ಒಣಗಿಸಲು ಜಾಗ ಸಾಲುವುದಿಲ್ಲ, ಕತ್ತರಿ ಚಾಕುಗಳ ಮೇಲೆ ಕಣ್ಣಿಡುವುದೂ ಕಷ್ಟ. ಐದೂ ಮಾಡಲು ಆಗದಿದ್ದರೆ ಎರಡನ್ನೇ ಆರಿಸಿ ಪೂರ್ತಿ ಮಾಡಿ. ಐದನ್ನೂ ಒಂದೇ ಮಧ್ಯಾಹ್ನಕ್ಕೆ ತುರುಕುವುದಾದರೆ ಬಿರಿಯಾನಿಯೇ ವಾಸಿ.

ಸಾಮಾನಿನ ಬಗ್ಗೆ ಮೊದಲೇ ಒಂದು ಮಾತು. 2025ರ ಮೇ ತಿಂಗಳಲ್ಲಿ ಭಾರತ ಸರ್ಕಾರ ಪಾಕಿಸ್ತಾನದ ಸರಕಿನ ಆಮದನ್ನು, ಬೇರೆ ದೇಶದ ಮೂಲಕ ಬರುವುದನ್ನೂ ಸೇರಿಸಿ, ನಿಷೇಧಿಸಿತು. ಅದೇ ತಿಂಗಳು ಅಲ್ಲಿನ ಹಾಡು, ಧಾರಾವಾಹಿಗಳನ್ನು ತೆಗೆದುಹಾಕುವಂತೆ ಆನ್‌ಲೈನ್ ವೇದಿಕೆಗಳಿಗೆ ಸೂಚನೆ ಹೋಯಿತು. ಭಾರತದಲ್ಲಿ ಇದನ್ನು ನಡೆಸುವವರು ಸದ್ಯದ ನಿಯಮ ನೋಡಿಕೊಂಡೇ ಹಾಡು, ವಿಡಿಯೊ ಗೊತ್ತುಮಾಡಬೇಕು. ಕೊನೆಯ ಗಳಿಗೆಯಲ್ಲಿ ಪರದೆಯ ಮೇಲೆ ‘ಲಭ್ಯವಿಲ್ಲ’ ಎಂದು ಬಂದರೆ ಇಡೀ ಬೈಠಕ್ ಕುಸಿಯುತ್ತದೆ. ಕೈಕೆಲಸಕ್ಕೆ ಈ ತೊಂದರೆ ಇಲ್ಲ. ಕೆಳಗೆ ಹೇಳಿರುವ ಸಾಮಾನುಗಳೆಲ್ಲ ನಮ್ಮ ಪೇಟೆಯಲ್ಲೇ ಸಿಗುತ್ತವೆ.

ಗಡಿ ಬೇಡ, ನದಿ ಬರೆಯಿರಿ

ಮೊದಲ ಬೈಠಕ್ಕಿನ ಅರ್ಧ ತಾಸು ಭೂಪಟಕ್ಕೆ. ಆದರೆ ಅಚ್ಚಾದ ಭೂಪಟ ತೂಗುಹಾಕಬೇಡಿ. ಭಾರತದಲ್ಲಿ ಸರ್ವೆ ಆಫ್ ಇಂಡಿಯಾದ ಗಡಿಗೆ ಹೊಂದದ ನಕ್ಷೆಯನ್ನು ಪ್ರಕಟಿಸುವುದು ಅಪರಾಧ. ಹೊರದೇಶದಲ್ಲಾದರೆ ಯಾವ ನಕ್ಷೆ ಹಾಕಿದರೂ ಒಬ್ಬ ಪೋಷಕರಿಗೆ ಅಸಮಾಧಾನ. ಗಡಿಯ ಗೆರೆಯಿಂದ ಶುರುವಾದ ಮಾತು ಕಲೆಯ ಹತ್ತಿರ ಬರುವುದೇ ಇಲ್ಲ.

ಬದಲಿಗೆ ನೆಲದ ಮೇಲೆ ನೀಲಿ ಉಲ್ಲನ್ ದಾರದಿಂದ ಸಿಂಧೂ ನದಿಯನ್ನು ಹರಿಸಿ. ನಾಲ್ಕು ಮೀಟರ್ ಉದ್ದವಿದ್ದರೆ ಸುತ್ತ ಹನ್ನೆರಡು ಮಂದಿ ಕೂರಬಹುದು. ಎಡಗಡೆಯಿಂದ ಕಾಬೂಲ್ ನದಿ ಅಟಕ್ ಬಳಿ ಬಂದು ಸೇರುತ್ತದೆ. ಬಲಗಡೆಯಿಂದ ಝೇಲಂ, ಚಿನಾಬ್, ರಾವಿ, ಬಿಯಾಸ್, ಸಟ್ಲೆಜ್ ಒಂದರೊಳಗೊಂದು ಕೂಡಿಕೊಂಡು ಕೊನೆಗೆ ಸಿಂಧೂವಿಗೆ ಬೀಳುತ್ತವೆ. ಪಂಜಾಬ್ ಅಂದರೆ ಏಕೆ ಐದು ನೀರು ಎಂಬುದು ದಾರ ಹಾಸುವಾಗಲೇ ತಿಳಿಯುತ್ತದೆ. ಈಗ ಊರುಗಳ ಚೀಟಿ ಇಡಿಸಿ: ಪೇಶಾವರ, ರಾವಿಯ ದಡದ ಲಾಹೋರ್, ಚಿನಾಬ್ ಹತ್ತಿರದ ಮುಲ್ತಾನ್, ಕೆಳಗೆ ಸಿಂಧ್‌ನಲ್ಲಿ ಮೊಹೆಂಜೊದಾರೊ, ಸೆಹವಾನ್, ಹಾಲಾ, ಠಟ್ಟಾ, ಕಡಲಂಚಿನ ಕರಾಚಿ. ಕ್ವೆಟ್ಟಾ ಚೀಟಿ ಹಿಡಿದ ಹುಡುಗ ತಬ್ಬಿಬ್ಬಾಗುತ್ತಾನೆ, ಏಕೆಂದರೆ ಅದು ಯಾವ ದಾರದ ಹತ್ತಿರವೂ ಇಲ್ಲ. ಬಲೂಚಿಸ್ತಾನ ಎಂಬುದು ನದೀಬಯಲಿನ ಬಾಳಲ್ಲ, ಬೆಟ್ಟ ಮರುಭೂಮಿಯ ಬಾಳು ಎಂದು ಹೇಳಲು ಅದೇ ಸರಿಯಾದ ಹೊತ್ತು.

ಪಕ್ಕದಲ್ಲಿ ಭಾಷೆಯ ಲೆಕ್ಕ ಇಡಿ. 2023ರ ಜನಗಣತಿಯ ಪ್ರಕಾರ ಪಾಕಿಸ್ತಾನದ ಜನಸಂಖ್ಯೆ ಸುಮಾರು 24 ಕೋಟಿ. ಮನೆಮಾತು ಪಂಜಾಬಿ ಎಂದವರು ಶೇ 37ರಷ್ಟು, ಪಶ್ತೊ ಶೇ 18, ಸಿಂಧಿ ಶೇ 14, ಸರಾಯ್ಕಿ ಶೇ 12. ಉರ್ದು ಕೇವಲ ಶೇ 9. ಉತ್ತರ ಹೇಳುವ ಮುಂಚೆ ಮಕ್ಕಳಿಂದ ಊಹೆ ಬರೆಸಿಕೊಳ್ಳಿ; ಹೆಚ್ಚಿನವರು ಉರ್ದುವಿಗೆ ಎಂಬತ್ತು ತೊಂಬತ್ತು ಬರೆದಿರುತ್ತಾರೆ.

ಕನ್ನಡ ಮಕ್ಕಳಿಗೆಂದೇ ಒಂದು ಆಟವಿದೆ. ಬಲೂಚಿಸ್ತಾನದ ಕಲಾತ್, ಖುಜ್ದಾರ್ ಕಡೆ ಆಡುವ ಬ್ರಾಹೂಯಿ ದ್ರಾವಿಡ ಭಾಷೆ. ದೀರ್, ಖನ್, ಖಫ್, ಬಾ, ಪಾಲ್ಹ್, ಇರಟ್, ಮುಸಿಟ್ ಎಂಬ ಏಳು ಚೀಟಿ ಒಂದು ಕಡೆ. ನೀರು, ಕಣ್ಣು, ಕಿವಿ, ಬಾಯಿ, ಹಾಲು, ಎರಡು, ಮೂರು ಇನ್ನೊಂದು ಕಡೆ, ಕಲೆಸಿ ಇಡಿ. ಹೊಂದಿಸಲು ಐದು ನಿಮಿಷ ಸಾಕು. ಹಳಗನ್ನಡದ ‘ಪಾಲ್’ ಗೊತ್ತಿರುವ ಮಗು ಹಾಲನ್ನು ಕೂಡಲೇ ಹಿಡಿಯುತ್ತದೆ. ಇಂದಿನ ಬ್ರಾಹೂಯಿಯ ಬಹುಪಾಲು ಪದಗಳು ಬಲೂಚಿ, ಪಾರಸಿ ಕಡೆಯವು ಎಂಬುದನ್ನೂ, ಅದು ಅಲ್ಲಿರುವುದು ಹೇಗೆ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ ಎಂಬುದನ್ನೂ ಸೇರಿಸಿ ಹೇಳಿ. ಇಲ್ಲದಿದ್ದರೆ ‘ಪಾಕಿಸ್ತಾನದಲ್ಲಿ ಮೊದಲು ಕನ್ನಡವೇ ಇತ್ತಂತೆ’ ಎಂಬ ಸಂದೇಶ ಅದೇ ಸಂಜೆ ವಾಟ್ಸಾಪ್‌ನಲ್ಲಿ ಓಡಾಡುತ್ತದೆ.

ಕೇಳಿಸುವ ಮೊದಲು ಚಪ್ಪಾಳೆ

ಉಳಿದ ಒಂದೂವರೆ ತಾಸು ಖವ್ವಾಲಿಗೆ, ಅಂದರೆ ಸೂಫಿ ಭಕ್ತಿಗಾಯನಕ್ಕೆ. ಸೀದಾ ಧ್ವನಿಮುದ್ರಣ ಹಾಕಿದರೆ ಮೊದಲ ನಾಲ್ಕು ನಿಮಿಷ ಏನೂ ಆಗುತ್ತಿಲ್ಲ ಎಂದು ಮಕ್ಕಳಿಗೆ ಅನ್ನಿಸುತ್ತದೆ. ಹಾರ್ಮೋನಿಯಂ, ತಬಲಾದ ಪೀಠಿಕೆ, ಆಮೇಲೆ ತಾಳವಿಲ್ಲದ ಆಲಾಪ, ಅದಾದ ಮೇಲಷ್ಟೇ ಪಲ್ಲವಿ. ಹಾಗಾಗಿ ಮೊದಲು ಅವರನ್ನೇ ಪಾರ್ಟಿ ಮಾಡಿ ಕೂರಿಸಿ. ಅಲ್ಲಿ ಗುಂಪಿಗೆ ‘ಪಾರ್ಟಿ’ ಎಂದೇ ಹೆಸರು. ಸಾಮಾನ್ಯವಾಗಿ ಎಂಟು ಒಂಬತ್ತು ಮಂದಿ. ಮುಂದಿನ ಸಾಲಿನಲ್ಲಿ ಮುಖ್ಯ ಗಾಯಕ ಮತ್ತು ಹಾರ್ಮೋನಿಯಂ, ಹಿಂದಿನ ಸಾಲಿನಲ್ಲಿ ತಬಲಾ ಅಥವಾ ಢೋಲಕ್ ಮತ್ತು ಚಪ್ಪಾಳೆ ತಟ್ಟುವ ಹಿಮ್ಮೇಳ.

ಕೆಹರ್ವಾ ತಾಳ, ಎಂಟು ಮಾತ್ರೆ. ಬಾಯಲ್ಲಿ ಒಂದರಿಂದ ಎಂಟು ಎಣಿಸುತ್ತಾ ಒಂದು ಮತ್ತು ಐದಕ್ಕೆ ಮಾತ್ರ ಚಪ್ಪಾಳೆ, ಎರಡು ನಿಮಿಷ. ಅದು ಕೂತ ಮೇಲೆ ಒಂದು, ಮೂರು, ಐದು, ಏಳು. ಒಬ್ಬರು ಮೇಜಿನ ಮೇಲೆ ಢೋಲಕ್ ಕೆಲಸ ಮಾಡಲಿ. ಇಲ್ಲಿ ತಪ್ಪದೆ ಆಗುವುದು ಒಂದೇ: ವೇಗ ಏರುತ್ತಾ ಹೋಗಿ ಮೂರನೆಯ ನಿಮಿಷಕ್ಕೆ ಎಲ್ಲ ಚೆಲ್ಲಾಪಿಲ್ಲಿ. ಖವ್ವಾಲಿಯಲ್ಲೂ ವೇಗ ಏರುತ್ತದೆ, ಆದರೆ ಮುಖ್ಯ ಗಾಯಕ ಏರಿಸಿದಾಗ ಮಾತ್ರ. ಒಬ್ಬರ ಕೈ ನೋಡಿ ತಟ್ಟಲು ಹೇಳಿ, ಆ ಒಬ್ಬರನ್ನು ಮೂರು ನಿಮಿಷಕ್ಕೊಮ್ಮೆ ಬದಲಿಸಿ.

ಈಗ ಧ್ವನಿಮುದ್ರಣ. ಫೈಸಲಾಬಾದಿನ ಖವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ (1948–1997) ಅವರು ಮಜ್ಲಿಸಿನಲ್ಲಿ, ಅಂದರೆ ಕೇಳುಗರ ಕೂಟದಲ್ಲಿ, ಹಾಡಿದ ದೀರ್ಘ ಧ್ವನಿಮುದ್ರಣದಲ್ಲಿ ಹನ್ನೆರಡು ನಿಮಿಷ ಸಾಕು. ಚಲನಚಿತ್ರಕ್ಕೆಂದು ಮಾಡಿದ, ಗಿಟಾರು ಸೇರಿಸಿದ ಆವೃತ್ತಿ ಬೇಡ. ಮಕ್ಕಳ ಕೈಗೆ ಒಂದೊಂದು ಕೆಲಸ ಕೊಡಿ. ಒಂದೇ ಸಾಲನ್ನು ಎಷ್ಟು ಸಲ ಮರಳಿಸಿದರು ಎಂದು ಒಬ್ಬರು ಗೆರೆ ಹಾಕಲಿ. ನಡುವೆ ಬೇರೆ ಪದ್ಯದ ತುಣುಕು ತಂದು ಗಂಟುಹಾಕುವುದಕ್ಕೆ ಗಿರಹ್ ಎನ್ನುತ್ತಾರೆ. ಅದು ಬಂದಾಗ ಇನ್ನೊಬ್ಬರು ಕೈ ಎತ್ತಲಿ. ಸರಿಗಮ ಶುರುವಾದದ್ದನ್ನು ಮತ್ತೊಬ್ಬರು ಗುರುತಿಸಲಿ. ಶಾಸ್ತ್ರೀಯ ಸಂಗೀತ ಕಲಿಯುತ್ತಿರುವ ಮಗು ಗುಂಪಿನಲ್ಲಿದ್ದರೆ ಈ ಘಟ್ಟದಲ್ಲಿ ಅದೇ ಮೇಷ್ಟ್ರು.

ಕಲಬುರಗಿ ಕಡೆಯವರಿಗೆ ಇದು ಹೊಸ ಸದ್ದಲ್ಲ, ಖ್ವಾಜಾ ಬಂದೇನವಾಜ್ ಉರುಸಿನಲ್ಲಿ ಕೇಳಿರುತ್ತಾರೆ. ಬಂದೇನವಾಜರ ಗುರು ದೆಹಲಿಯ ನಸೀರುದ್ದೀನ್ ಚಿರಾಗ್, ಅವರ ಗುರು ನಿಜಾಮುದ್ದೀನ್ ಔಲಿಯಾ, ಅವರ ಗುರು ಬಾಬಾ ಫರೀದ್. ಫರೀದರ ದರ್ಗಾ ಇರುವುದು ಇಂದಿನ ಪಾಕಿಸ್ತಾನದ ಪಾಕ್‌ಪಟ್ಟಣದಲ್ಲಿ. ಕಲಬುರಗಿಯಿಂದ ಮೂರೇ ಮೆಟ್ಟಿಲು.

ಸಮಯ ಉಳಿದರೆ ಸಿಂಧ್‌ನ ಭಿಟ್ ಶಾಹ್‌ನಲ್ಲಿ ಸೂಫಿ ಕವಿ ಶಾಹ್ ಅಬ್ದುಲ್ ಲತೀಫರ ಸಮಾಧಿಯ ಮುಂದೆ ಫಕೀರರು ಹಾಡುವುದನ್ನು ಐದು ನಿಮಿಷ ಕೇಳಿಸಿ. ಕಪ್ಪು ಉಡುಪು, ಕೈಯಲ್ಲಿ ಐದು ತಂತಿಯ ದಂಬೂರೊ, ಗಂಡಸರ ದನಿ ಹೆಣ್ಣುದನಿಯ ಎತ್ತರಕ್ಕೆ ಏರುತ್ತದೆ. ಹುಡುಗರು ನಗುತ್ತಾರೆ. ಗದರಬೇಡಿ, ‘ಈ ದನಿ ಎಲ್ಲಿಂದ ಹೊರಡಿಸುತ್ತಾರೆ, ಮಾಡಿ ನೋಡಿ’ ಎನ್ನಿ. ಇಪ್ಪತ್ತು ಸೆಕೆಂಡು ಪ್ರಯತ್ನಿಸಿದವನು ಆಮೇಲೆ ನಗುವುದಿಲ್ಲ.

ತಖ್ತಿ: ಹಲಗೆಯ ಮೇಲೆ ಉರ್ದು

ಐದರಲ್ಲಿ ಒಂದನ್ನೇ ಮಾಡುವುದಾದರೆ ಇದನ್ನೇ ಮಾಡಿ. ಪಾಕಿಸ್ತಾನದ ಶಾಲೆಗಳಲ್ಲಿ ತಲೆಮಾರುಗಳ ಕಾಲ ಮಕ್ಕಳು ಬರೆಯಲು ಕಲಿತದ್ದು ತಖ್ತಿಯ ಮೇಲೆ: ಮರದ ಹಲಗೆಗೆ ಗಾಚ್ನಿ ಮಣ್ಣು ಬಳಿದು, ಒಣಗಿಸಿ, ಜೊಂಡಿನ ಲೇಖನಿಯಿಂದ ಬರೆದು, ತೊಳೆದು, ಮತ್ತೆ ಬಳಿಯುವುದು. ಆ ಗಾಚ್ನಿ ನಮ್ಮ ಮನೆಗಳಲ್ಲಿ ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯೇ.

ಹಲಗೆ 30 ಸೆಂ.ಮೀ. ಉದ್ದ, 20 ಅಗಲ, ಒಂದು ಸೆಂ.ಮೀ. ದಪ್ಪ. ಮಾವು, ಪೈನ್ ಯಾವುದಾದರೂ ಆದೀತು. ಸಾಮಾನ್ಯ ಪ್ಲೈವುಡ್ ಬೇಡ, ಎರಡನೆಯ ಸಲ ತೊಳೆಯುವಷ್ಟರಲ್ಲಿ ಪದರ ಬಿಚ್ಚಿಕೊಳ್ಳುತ್ತದೆ. 120ರ ಉಪ್ಪುಕಾಗದದಿಂದ ಉಜ್ಜಿ, ಆಮೇಲೆ 220ರಿಂದ ನಯಮಾಡಿ. ಬಣ್ಣ, ವಾರ್ನಿಷ್ ಹಚ್ಚಬೇಡಿ; ನಯವಾದ ಹೊಳಪಿನ ಮೇಲೆ ಮಣ್ಣು ಹಿಡಿಯದೆ ಚಕ್ಕೆ ಏಳುತ್ತದೆ.

ಮಣ್ಣನ್ನು ಗಟ್ಟಿಯಾಗಿ ಉಂಡೆ ರೂಪದಲ್ಲೇ ಗ್ರಂಥಿಗೆ ಅಂಗಡಿಯಲ್ಲಿ ಕೊಳ್ಳಿ. ಗುಲಾಬಿ, ಶ್ರೀಗಂಧ ಎಂದು ಬರೆದ ಫೇಸ್‌ಪ್ಯಾಕ್ ಪುಡಿಯಲ್ಲಿ ಬೇರೆ ಏನೇನೋ ಸೇರಿರುತ್ತದೆ, ಶಾಯಿ ಹರಡುತ್ತದೆ. ಹಿಂದಿನ ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಕೈಯಲ್ಲಿ ಕಿವುಚಿ, ಕಲ್ಲು ಕಸ ತೆಗೆದು ದೋಸೆಹಿಟ್ಟಿನ ಹದಕ್ಕೆ ತನ್ನಿ. ಒಂದು ಮಗ್ಗುಲಿಗೆ ಮೂರು ನಾಲ್ಕು ಚಮಚ. ಅಂಗೈಯಿಂದ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಸವರಬೇಕು, ಕುಂಚ ಬೇಡ. ಬಿಸಿಲಿನಲ್ಲಿ ಅರ್ಧ ತಾಸಿನಲ್ಲಿ ಒಣಗುತ್ತದೆ. ಮಳೆಗಾಲವಾದರೆ ಫ್ಯಾನಿನ ಕೆಳಗೆ ಒಂದು ತಾಸಿಗೂ ಮೇಲೆ ಬೇಕು, ಆಗ ಹಲಗೆಗಳನ್ನು ಮೊದಲೇ ಬಳಿದಿಟ್ಟಿರಿ. ಮಣ್ಣು ದಪ್ಪವಾದರೆ ಬಿರುಕು, ತೆಳುವಾದರೆ ಶಾಯಿ ಮರದ ನಾರಿನೊಳಗೆ ಇಳಿದು ಅಕ್ಷರಕ್ಕೆ ಗಡ್ಡ ಮೂಡುತ್ತದೆ. ಬೆರಳಿನಿಂದ ಮುಟ್ಟಿದಾಗ ತಣ್ಣಗಿದ್ದರೆ ಇನ್ನೂ ಒಣಗಿಲ್ಲ ಎಂದೇ ಅರ್ಥ.

ಲೇಖನಿಗೆ ಪೆನ್ಸಿಲ್ ದಪ್ಪದ ಜೊಂಡು ಅಥವಾ ಬಿದಿರಿನ ಕಡ್ಡಿ, 18 ಸೆಂ.ಮೀ. ಚಾಕುವಿನ ಕೆಲಸ ಹಿರಿಯರದು, ಮುಂಚೆಯೇ ಮುಗಿದಿರಬೇಕು. ಮೊದಲು ಓರೆಯಾಗಿ ಉದ್ದಕ್ಕೆ ಕೆತ್ತಿ ತುದಿ ತೆಳುಮಾಡುವುದು; ಆಮೇಲೆ ಎರಡೂ ಪಕ್ಕ ಸವರಿ ಅಗಲವನ್ನು 5 ಮಿ.ಮೀ.ಗೆ ತರುವುದು, ತುದಿಯ ನಡುವೆ ಒಂದು ಸೆಂ.ಮೀ. ಉದ್ದ ಸೀಳುವುದು, ಕೊನೆಗೆ ಗಟ್ಟಿ ಮೇಲ್ಮೈ ಮೇಲಿಟ್ಟು ತುದಿಯನ್ನು ಓರೆಯಾಗಿ ಒಂದೇ ಏಟಿಗೆ ಕತ್ತರಿಸುವುದು. ಈ ಕೊನೆಯ ಪೆಟ್ಟಿಗೆ ಕತ್ ಎನ್ನುತ್ತಾರೆ, ಬರವಣಿಗೆಯ ಅಂದವೆಲ್ಲ ಅದರಲ್ಲಿದೆ. ಎರಡು ಸಲ ಕೊಯ್ದರೆ ಅಂಚು ಜಜ್ಜಿಹೋಗುತ್ತದೆ. ಲೇಖನಿ ಸರಿಯಾಗಿದೆಯೇ ಎಂದು ನೋಡಲು ಒಂದು ನಿಂತ ಗೆರೆ, ಒಂದು ಮಲಗಿದ ಗೆರೆ ಎಳೆಯಿರಿ. ನಿಂತದ್ದು ತೆಳ್ಳಗೆ, ಮಲಗಿದ್ದು ದಪ್ಪ ಬರಬೇಕು. ತಿರುಗುಮುರುಗಾದರೆ ಹಿಡಿತವನ್ನು ತಿರುಗಿಸಿ. ಎಡಗೈ ಮಕ್ಕಳಿಗೆ ತುದಿಯನ್ನು ಎದುರು ಓರೆಯಲ್ಲಿ ಕತ್ತರಿಸಿದ ಒಂದೆರಡು ಲೇಖನಿ ಬೇರೆಯಾಗಿ ಇಟ್ಟಿರಿ.

ಶಾಯಿ ನೀರಿನಲ್ಲಿ ತೊಳೆದರೆ ಹೋಗುವಂಥದ್ದೇ ಆಗಬೇಕು. ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ತಂದರೆ ಹಲಗೆ ಒಂದೇ ಸಲಕ್ಕೆ ಮುಗಿಯಿತು. ದವಾತಿಯೊಳಗೆ, ಅಂದರೆ ಅಗಲ ಬಾಯಿಯ ಪುಟ್ಟ ಶೀಶೆಯೊಳಗೆ, ಹತ್ತಿ ಬಟ್ಟೆಯ ತುಣುಕು ಹಾಕಿ ಅದು ನೆನೆಯುವಷ್ಟೇ ಶಾಯಿ ಹೊಯ್ಯಿರಿ. ಲೇಖನಿಯನ್ನು ಬಟ್ಟೆಗೆ ಒತ್ತಿ ತೆಗೆದರೆ ಬೇಕಾದಷ್ಟೇ ಶಾಯಿ ಬರುತ್ತದೆ, ಬಟ್ಟಲು ಉರುಳಿದರೂ ಜಮಖಾನೆ ಉಳಿಯುತ್ತದೆ.

ಬರೆಯುವ ಕ್ರಮ: ಮೊದಲ ಸಾಲು ಬರೀ ಚುಕ್ಕಿಗಳು. ಲೇಖನಿಯ ಪೂರ್ತಿ ಅಗಲ ಊರಿ ಎಳೆದರೆ ವಜ್ರಾಕಾರದ ಚುಕ್ಕಿ ಬರುತ್ತದೆ, ಅದೇ ಅಳತೆಗೋಲು. ಎರಡನೆಯ ಸಾಲಿಗೆ ಉರ್ದುವಿನ ಮೊದಲ ಅಕ್ಷರ ಅಲಿಫ್, ಸುಮಾರು ಮೂರು ಚುಕ್ಕಿ ಎತ್ತರ. ಮೂರನೆಯದಕ್ಕೆ ಎರಡನೆಯ ಅಕ್ಷರ ಬೇ, ಉದ್ದಕ್ಕೆ ಮಲಗಿದ ದೋಣಿ. ಈ ಮೂರಕ್ಕೇ ಮುಕ್ಕಾಲು ತಾಸು ಬೇಕು, ಆತುರ ಬೇಡ. ನಂತರ ತಮ್ಮ ಹೆಸರು, ಬಲದಿಂದ ಎಡಕ್ಕೆ. ಉರ್ದು ಬರೆಯುವ ನಸ್ತಾಲೀಖ್ ಶೈಲಿಯಲ್ಲಿ ಪದ ಮೇಲೆ ಬಲದಲ್ಲಿ ಹುಟ್ಟಿ ಎಡಕ್ಕೆ ಇಳಿಯುತ್ತಾ ಬಂದು ಕೂರುತ್ತದೆ. ಸಮಗೆರೆಯ ಮೇಲೆ ಅಕ್ಷರ ಜೋಡಿಸಿ ಅಭ್ಯಾಸವಾದ ಕನ್ನಡದ ಕೈಗೆ ಈ ಇಳಿಜಾರೇ ಕಷ್ಟ. ಮುದ್ರಣಕ್ಕೂ ಕಷ್ಟವಾಗಿತ್ತು. ಮಿರ್ಜಾ ಅಹ್ಮದ್ ಜಮೀಲ್ ಅವರ ನೂರಿ ನಸ್ತಾಲೀಖ್ ಎಂಬ ಕಂಪ್ಯೂಟರ್ ಫಾಂಟ್ 1981ರಲ್ಲಿ ಜಂಗ್ ಪತ್ರಿಕೆಗೆ ಬರುವವರೆಗೆ ಉರ್ದು ದಿನಪತ್ರಿಕೆಗಳನ್ನು ಕಾತಿಬರು, ಅಂದರೆ ಲಿಪಿಕಾರರು, ಪ್ರತಿ ರಾತ್ರಿ ಕೈಯಲ್ಲೇ ಬರೆಯುತ್ತಿದ್ದರು. ಇದನ್ನು ಹೇಳಬೇಕಾದದ್ದು ಮಕ್ಕಳು ಹೆಸರು ಬರೆದು ಕೈ ನೋಯಿಸಿಕೊಂಡ ಮೇಲೆ.

ಹೆಸರುಗಳನ್ನು ತಿದ್ದಲು ಉರ್ದು ಬಲ್ಲವರೊಬ್ಬರು ಇರಲೇಬೇಕು. ಆನ್‌ಲೈನ್ ಲಿಪ್ಯಂತರ ನಂಬಿದರೆ ‘ಣ’, ‘ಳ’ ಇರುವ ಹೆಸರುಗಳು ಕೆಡುತ್ತವೆ. ಕರ್ನಾಟಕದಲ್ಲಿ ಸರ್ಕಾರಿ ಉರ್ದು ಮಾಧ್ಯಮ ಶಾಲೆಗಳು ಊರೂರಿನಲ್ಲಿವೆ. ಅಲ್ಲಿನ ಮೇಷ್ಟ್ರೊಬ್ಬರನ್ನು ಎರಡು ತಾಸು ಕರೆಯಿರಿ. ಒಂದು ಎಚ್ಚರಿಕೆ: ತೊಳೆದು ಚೆಲ್ಲುವ ಹಲಗೆಯ ಮೇಲೆ ಕುರಾನಿನ ವಾಕ್ಯವಾಗಲಿ ಅಲ್ಲಾಹನ ಹೆಸರಾಗಲಿ ಬರೆಸಬೇಡಿ. ‘ಅಂದವಾಗಿದೆ’ ಎಂದು ಮಾದರಿಗೆ ಅದನ್ನೇ ಇಡುವುದುಂಟು. ನೋಡಿದ ಮುಸ್ಲಿಂ ಪೋಷಕರಿಗೆ ನೋವಾಗುತ್ತದೆ. ಇನ್ನು ಮಣ್ಣುನೀರನ್ನು ಸಿಂಕಿಗೆ ಸುರಿದರೆ ಪೈಪು ಕಟ್ಟುತ್ತದೆ. ಬಕೆಟ್ಟಿನಲ್ಲಿ ತೊಳೆದು ಗಿಡಕ್ಕೆ ಹಾಕಿ.

ಟ್ರಕ್ ಚಿತ್ತಾರ

ಲಾರಿಗಳ ಮೈಮೇಲೆ ಬಿಡಿಸುವ ಈ ಚಿತ್ತಾರವನ್ನು ಅಲ್ಲಿ ಫೂಲ್ ಪತ್ತಿ ಎನ್ನುತ್ತಾರೆ. ಬೆಡ್‌ಫರ್ಡ್ ಲಾರಿಗಳ ಕಾಲದಿಂದ ಬೆಳೆದ ಕೆಲಸ. ಚಾಲಕನ ಕೋಣೆಯ ಮೇಲೆ ಮುಂದಕ್ಕೆ ಚಾಚಿದ ‘ತಾಜ್’ ಎಂಬ ಕಿರೀಟ, ಬಂಪರಿನ ಕೆಳಗೆ ನೇತಾಡುವ ಸರಪಳಿ ಗೆಜ್ಜೆ, ಹಿಂಬದಿಯಲ್ಲಿ ದೊಡ್ಡ ಚಿತ್ರ, ಅದರ ಪಕ್ಕ ಒಂದು ದ್ವಿಪದಿ. ಪೇಶಾವರ, ಸ್ವಾತ್ ಕಡೆಯ ಲಾರಿಗಳಲ್ಲಿ ಕೆತ್ತಿದ ಮರದ ಬಾಗಿಲು ಕಾಣುತ್ತದೆ. ಕರಾಚಿಯದರಲ್ಲಿ ಚಮಕ್ ಪಟ್ಟಿ, ಅಂದರೆ ಬೆಳಕು ಬಿದ್ದರೆ ಮಿಂಚುವ ಅಂಟುಹಾಳೆಯ ಕತ್ತರಿಕೆಲಸ ಹೆಚ್ಚು. ಬಾಡಿ ಕಟ್ಟುವವರು ಬೇರೆ, ಬಣ್ಣದವರು ಬೇರೆ, ಚಮಕ್ ಪಟ್ಟಿಯವರು ಬೇರೆ. ಉಸ್ತಾದರ ಕೈಕೆಳಗೆ ಶಾಗಿರ್ದರಾಗಿ, ಅಂದರೆ ಶಿಷ್ಯರಾಗಿ, ಕಲಿಯುತ್ತಾರೆ. 2002ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಜಾನಪದ ಉತ್ಸವದಲ್ಲಿ ಕರಾಚಿಯ ಹೈದರ್ ಅಲಿ ಒಂದು ಇಡೀ ಟ್ರಕ್ಕಿಗೆ ಚಿತ್ತಾರ ಬರೆದರು. 2006ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ಮೆಲ್ಬರ್ನ್‌ನ ಟ್ರಾಮೊಂದು ಕರಾಚಿಯ ಡಬ್ಲ್ಯು-11 ಬಸ್ಸಿನ ವೇಷ ತೊಟ್ಟಿತು.

ಒಬ್ಬೊಬ್ಬರಿಗೆ 45×60 ಸೆಂ.ಮೀ. ಹಾರ್ಡ್‌ಬೋರ್ಡ್, ನಯವಾದ ಬದಿ ಮೇಲೆ. ಅಸಲು ಕೆಲಸ ಎನಾಮೆಲ್ ಬಣ್ಣದ್ದು, ಆದರೆ ಟರ್ಪೆಂಟೈನ್ ವಾಸನೆಯ ಕೋಣೆಯಲ್ಲಿ ಮಕ್ಕಳನ್ನು ಎರಡು ತಾಸು ಕೂರಿಸಬಾರದು. ಅಕ್ರಿಲಿಕ್ ಬಳಸಿ, ಮರುದಿನ ಗ್ಲಾಸಿ ವಾರ್ನಿಷ್ ಹಚ್ಚಿದರೆ ಎನಾಮೆಲ್ಲಿನ ಹೊಳಪು ಸಾಕಷ್ಟು ಬರುತ್ತದೆ. ಕೆಂಪು, ಹಳದಿ, ಕಿತ್ತಳೆ, ಹಸಿರು, ನೀಲಿ, ಜೊತೆಗೆ ಕಪ್ಪು ಬಿಳಿ. ಬಿಳಿ ಎರಡರಷ್ಟು ಬೇಕು. 12ನೇ ನಂಬರಿನ ಚಪ್ಪಟೆ ಕುಂಚ, 4ನೆಯದು ದುಂಡಗಿನದು, ಉದ್ದ ಕೂದಲಿನ ಲೈನರ್ 1ನೆಯದು. ಈ ಲೈನರ್ ಇಲ್ಲದೆ ಕೆಲಸಕ್ಕೆ ಇಳಿಯಬೇಡಿ. ಗಿಡ್ಡ ಕುಂಚದಲ್ಲಿ ಬಳ್ಳಿಯ ಗೆರೆ ಮುರಿದು ಮುರಿದು ಬರುತ್ತದೆ.

ಪ್ರೈಮರ್ ಮತ್ತು ಹಿನ್ನೆಲೆಯ ಬಣ್ಣ ಹಿಂದಿನ ದಿನವೇ ಮುಗಿದಿರಲಿ. ಅಂಚಿಗೆ 12 ಮಿ.ಮೀ. ಮಾಸ್ಕಿಂಗ್ ಟೇಪು ಹಾಕಿ ಚೌಕಟ್ಟು ಬಿಡಿಸಿ. ಎರಡು ಬದಿ ಒಂದೇ ತೆರ ಇರುವುದು ಈ ಕಲೆಯ ಬೆನ್ನೆಲುಬು, ಆದ್ದರಿಂದ ಅಂದಾಜಿನಲ್ಲಿ ಬರೆಯಬೇಡಿ. ಕಾಗದವನ್ನು ನಡುವೆ ಮಡಚಿ ಅರ್ಧ ವಿನ್ಯಾಸ ಬರೆದು, ಗೆರೆಯುದ್ದಕ್ಕೂ ಗುಂಡುಸೂಜಿಯಿಂದ ಚುಚ್ಚಿ, ಬಿಡಿಸಿ ಹಲಗೆಯ ಮೇಲಿಟ್ಟು ಸೀಮೆಸುಣ್ಣದ ಪುಡಿಯ ಪೊಟ್ಟಣದಿಂದ ತಟ್ಟಿ. ಚುಕ್ಕಿಚುಕ್ಕಿಯಾಗಿ ಎರಡೂ ಬದಿ ಇಳಿಯುತ್ತದೆ.

ನಡುವಿಗೆ ಒಂದೇ ದೊಡ್ಡ ಆಕೃತಿ: ನವಿಲು, ಚಕೋರ, ಗುಲಾಬಿಯ ಗೊಂಚಲು, ಇಲ್ಲವೇ ಹಿಮದ ಬೆಟ್ಟ ಮತ್ತು ಕೊಳ. ಚಕೋರ ಪಾಕಿಸ್ತಾನದ ರಾಷ್ಟ್ರಪಕ್ಷಿ. ಗುಲಾಬಿ ಹೀಗೆ: ಕಡುಗೆಂಪಿನ ದುಂಡು ಬೊಟ್ಟು, ಒಣಗಲು ಹದಿನೈದು ನಿಮಿಷ, ಮೇಲೆ ತಿಳಿಗೆಂಪಿನಲ್ಲಿ ಹೊರಗಿನಿಂದ ಒಳಕ್ಕೆ ಅರ್ಧಚಂದ್ರದ ಐದಾರು ಎಳೆತ, ಕೊನೆಗೆ ಅದೇ ಎಳೆತದ ಅಂಚಿಗೆ ಬಿಳಿ. ಎಲೆಗೆ ಕುಂಚದ ಒಂದು ಮೂಲೆಯಲ್ಲಿ ಹಸಿರು, ಇನ್ನೊಂದರಲ್ಲಿ ಹಳದಿ ಅದ್ದಿ ಒಂದೇ ಎಳೆತ. ಲೈನರಿನ ಗೆರೆಗೆ ಬಣ್ಣ ಹಾಲಿನಷ್ಟು ತೆಳುವಾಗಿರಬೇಕು. ಟ್ಯೂಬಿನಿಂದ ನೇರ ತೆಗೆದರೆ ಒಂದು ಅಂಗುಲಕ್ಕೇ ನಿಲ್ಲುತ್ತದೆ. ಉಳಿದ ಎಡೆಯಲ್ಲೆಲ್ಲ ಬಳ್ಳಿ, ಚುಕ್ಕಿ, ಮಿಂಚುಹಾಳೆಯ ತ್ರಿಕೋನ.

ಕೆಡುವುದು ಎರಡು ಕಡೆ. ಒಂದು, ಕಾಯದೆ ಹಸಿಯ ಮೇಲೆ ಬಳಿದು ಎಲ್ಲವೂ ಕೆಸರುಬಣ್ಣವಾಗುವುದು. ಹತ್ತಿರ ಒಂದು ಹೇರ್ ಡ್ರೈಯರ್ ಇಟ್ಟಿರಿ. ಇನ್ನೊಂದು, ಸಂಕೋಚ. ಚಿತ್ರಕಲಾ ತರಗತಿಗೆ ಹೋಗುವ ಮಕ್ಕಳು ‘ಖಾಲಿ ಜಾಗ ಬಿಟ್ಟರೆ ಚೆಂದ’ ಎಂದು ಕಲಿತಿರುತ್ತಾರೆ. ಇಲ್ಲಿ ಖಾಲಿ ಬಿಟ್ಟರೆ ಕೆಲಸ ಅರ್ಧಕ್ಕೆ ನಿಂತಂತೆ ಕಾಣುತ್ತದೆ, ಮಾಲೀಕ ದುಡ್ಡು ಕೊಡುವುದಿಲ್ಲ ಎನ್ನಿ. ಕೆಳಗಿನ ಸಾಲಿಗೆ ಮಕ್ಕಳೇ ಎರಡು ಸಾಲು ಕಟ್ಟಿ ಬರೆಯಲಿ, ಕನ್ನಡದಲ್ಲೇ. ನಮ್ಮ ಲಾರಿಗಳ ಹಿಂಬದಿ ಓದಿ ಬೆಳೆದವರಿಗೆ ಅದನ್ನು ಕಲಿಸಬೇಕಿಲ್ಲ. ಅಲ್ಲಿನ ಟ್ರಕ್ಕುಗಳಲ್ಲಿ ರಾಜಕಾರಣಿ, ಸೇನಾಧಿಕಾರಿಗಳ ಮುಖವೂ ಇರುತ್ತದೆ, ಇಸ್ಲಾಂ ಕಥೆಗಳ ರೆಕ್ಕೆಯ ವಾಹನ ಬುರಾಖ್ ಕೂಡ. ಮೊದಲನೆಯದು ಜಗಳಕ್ಕೆ ದಾರಿ, ಎರಡನೆಯದು ಧಾರ್ಮಿಕ ರೂಪ. ಫೋಟೊದಲ್ಲಿ ತೋರಿಸಿ ವಿವರಿಸಿ, ನಕಲು ಮಾಡಿಸಬೇಡಿ.

ರಲ್ಲಿ ಮತ್ತು ಕೌದಿ

ನಾಲ್ಕನೆಯ ಬೈಠಕ್ಕಿಗೆ ಮಕ್ಕಳು ಮನೆಯಿಂದ ಒಂದು ಕೌದಿ ತರಲಿ. ಸಿಂಧ್‌ನ ಹೆಂಗಸರು ಹಳೆ ಬಟ್ಟೆಯಲ್ಲಿ ಹೊಲಿಯುವ ರಲ್ಲಿ ಅದರ ಬಂಧುವೇ. ಮೇಲ್ಪದರ ತುಂಡು ಜೋಡಿಸಿದ್ದು ಅಥವಾ ಕತ್ತರಿಸಿ ಹಚ್ಚಿದ್ದು, ಒಳಗೆ ಸವೆದ ಬಟ್ಟೆಯ ಪದರ, ಕೆಳಗೊಂದು ಅಸ್ತರು. ಎಲ್ಲವನ್ನೂ ಹಿಡಿದಿಡುವುದು ಸಮಾನಾಂತರ ಸಾಲುಗಳ ಸಾದಾ ಹೊಲಿಗೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿಯಲ್ಲಾದರೆ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ನಡುವಿಗೆ ಬರುತ್ತದೆ, ಮೂಲೆಗೆ ‘ಫೂಲ’ ಎಂಬ ಮಡಿಕೆ ಬೀಳುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಮಕ್ಕಳೇ ವ್ಯತ್ಯಾಸ ಹೇಳುತ್ತಾರೆ.

25 ಸೆಂ.ಮೀ. ಚೌಕ ಸಾಕು. 18 ಸೆಂ.ಮೀ. ಗಾಢ ಬಣ್ಣದ ಹತ್ತಿ ಬಟ್ಟೆಯನ್ನು ನಾಲ್ಕಾಗಿ ಮಡಚಿ, ಮತ್ತೊಮ್ಮೆ ಕರ್ಣಕ್ಕೆ ಮಡಚಿ, ಅಂಚಿನಿಂದ ಒಳಕ್ಕೆ ಕತ್ತರಿಸಿ ಬಿಡಿಸಿದರೆ ಎಂಟು ಮಡಿಯ ಹೂವು. ಅದನ್ನು ಬಿಳಿ ಚೌಕದ ಮೇಲಿಟ್ಟು ಅಂಚನ್ನು 5 ಮಿ.ಮೀ. ಒಳಮಡಚಿ ಹೊಲಿಯಬೇಕು. ಚೂಪಾದ ಒಳಮೂಲೆ ಕತ್ತರಿಸಿದವರು ಇಲ್ಲಿ ಅಳುತ್ತಾರೆ, ಮಡಚಲು ಬಟ್ಟೆಯೇ ಇರುವುದಿಲ್ಲ. ದುಂಡಗೆ ಕತ್ತರಿಸಲು ಮೊದಲೇ ಹೇಳಿ. ಒಳಗೆ ಎರಡು ಪದರ ಹಳೆ ಪಂಚೆ ಇಟ್ಟು, ಉದ್ದುದ್ದ ಟಾಕಿ ಹಾಕಿ ಪದರ ಕೂರಿಸಿ, ಆಮೇಲೆ ಒಂದು ಸೆಂ.ಮೀ. ಅಂತರದ ಸಾಲು. ಟಾಕಿ ಬಿಟ್ಟರೆ ಪದರ ಜರುಗಿ ಚೌಕ ಸೊಟ್ಟಗಾಗುತ್ತದೆ. ಹೊಸ ಬಟ್ಟೆಯನ್ನು ಒಮ್ಮೆ ಒಗೆದೇ ಬಳಸಿ, ಸಿಂಥೆಟಿಕ್ ಸೀರೆ ಬೇಡ. ಎರಡು ತಾಸಿನಲ್ಲಿ ಮುಗಿಯುವುದಿಲ್ಲ. ಮನೆಗೆ ಕೊಂಡೊಯ್ಯಲಿ, ಅಜ್ಜಿಯ ಕೈ ಸೇರಿದರೆ ಇನ್ನೂ ಒಳ್ಳೆಯದು.

ಇದೇ ದಿನ ಅಜ್ರಕ್ ಒಂದನ್ನು, ಅಂದರೆ ಮರದ ಅಚ್ಚಿನಿಂದ ಚಿತ್ತಾರ ಒತ್ತಿದ ಬಟ್ಟೆಯನ್ನು, ಮುಟ್ಟಿಸಿ. ಭಾರತದಲ್ಲಿ ಹೆಚ್ಚಾಗಿ ಸಿಗುವುದು ಕಛ್‌ನದು. ಅಲ್ಲಿನ ಖತ್ರಿ ಕುಟುಂಬಗಳು ಶತಮಾನಗಳ ಹಿಂದೆ ಸಿಂಧ್‌ನಿಂದ ಬಂದವರು, 2001ರ ಭೂಕಂಪದ ನಂತರ ಅಜ್ರಖ್‌ಪುರ ಕಟ್ಟಿಕೊಂಡರು. ‘ಪಾಕಿಸ್ತಾನದ ಬಟ್ಟೆ’ ಎಂದು ಚೀಟಿ ಅಂಟಿಸಬೇಡಿ, ಇದ್ದದ್ದನ್ನು ಬರೆಯಿರಿ. ಸಿಂಧ್‌ನಲ್ಲಿ ಅಜ್ರಕ್ ಅತಿಥಿಯ ಹೆಗಲಿಗೆ ಹೊದಿಸುವ ಮರ್ಯಾದೆಯ ವಸ್ತ್ರ. ಡಿಸೆಂಬರಿನ ಮೊದಲ ಭಾನುವಾರ ಅದನ್ನೂ ಸಿಂಧಿ ಟೋಪಿಯನ್ನೂ ತೊಟ್ಟು ಹಬ್ಬ ಮಾಡುತ್ತಾರೆ. ಮೇಜಿಗೆ ಹಾಸಿ ಮೇಲೆ ಸಮೋಸ ಇಡಬೇಡಿ.

ಸೂಕ್ಷ್ಮಚಿತ್ರ, ಅಂದರೆ ಮಿನಿಯೇಚರ್, ಒಂದು ಬೈಠಕ್ಕಿನಲ್ಲಿ ಆಗುವ ಮಾತಲ್ಲ. ಲಾಹೋರಿನ ನ್ಯಾಷನಲ್ ಕಾಲೇಜ್ ಆಫ್ ಆರ್ಟ್ಸ್‌ನಲ್ಲಿ ಅದಕ್ಕೆಂದೇ ಕಲಿಕೆ ಇದೆ. ಕಲಾವಿದೆ ಶಾಜಿಯಾ ಸಿಕಂದರ್ ಅಲ್ಲಿಂದಲೇ ಬಂದವರು. ಚಿತ್ರಗಳನ್ನು ತೋರಿಸಿ, ಭೂತಗನ್ನಡಿ ಕೈಗೆ ಕೊಟ್ಟು ಬಿಡಿ. ಬೀದರ್ ಸುತ್ತಲಿನವರು ಲಾಹೋರಿನ ವಜೀರ್ ಖಾನ್ ಮಸೀದಿಯ ಹೆಂಚುಕೆಲಸದ ಫೋಟೊ ಹಿಡಿದು ಮಹಮೂದ್ ಗವಾನ್ ಮದರಸಾಗೆ ಹೋಗಿ ಹೋಲಿಸಬಹುದು: ಮದರಸಾ 1472ರದು, ಮಸೀದಿ 1634ರಲ್ಲಿ ಶುರುವಾದದ್ದು, ಎರಡಕ್ಕೂ ಇರಾನಿನ ಕಡೆಯ ಬೇರು.

ಗುಲಾಬಿ ಚಹಾ, ಮತ್ತು ಏಳುವ ಪ್ರಶ್ನೆಗಳು

ಕೊನೆಯ ಬೈಠಕ್ಕಿಗೆ ಕಾಶ್ಮೀರಿ ಚಾಯ್. ಲಾಹೋರಿನ ಚಳಿಗಾಲದ ಮದುವೆಗಳಲ್ಲಿ ಇದಿಲ್ಲದೆ ಆಗದು. ಆರು ಸಣ್ಣ ಕಪ್ಪಿಗೆ: ಮೂರು ಲೋಟ ನೀರು, ಎರಡು ದೊಡ್ಡ ಚಮಚ ಕಾಶ್ಮೀರಿ ಹಸಿರು ಚಹಾ ಎಲೆ, ಕಾಲು ಟೀ ಚಮಚ ಅಡುಗೆ ಸೋಡಾ, ಜಜ್ಜಿದ ಮೂರು ಏಲಕ್ಕಿ. ಒಂದು ಲೋಟಕ್ಕೆ ಇಳಿಯುವವರೆಗೆ ಇಪ್ಪತ್ತು ಇಪ್ಪತ್ತೈದು ನಿಮಿಷ ಕುದಿಸಿ, ಎರಡು ಲೋಟ ಮಂಜುನೀರು ಒಮ್ಮೆಲೇ ಹೊಯ್ಯಿರಿ. ಈಗ ಸೌಟಿನಲ್ಲಿ ಎತ್ತೆತ್ತಿ ಸುರಿಯಬೇಕು, ಐದರಿಂದ ಹತ್ತು ನಿಮಿಷ. ಸರದಿಯಲ್ಲಿ ಎಲ್ಲ ಮಕ್ಕಳೂ. ಸೋಡಾದ ಕ್ಷಾರಗುಣ ಮತ್ತು ಗಾಳಿ ಸೇರಿ ಕಷಾಯ ಕಡುಗೆಂಪಾಗುತ್ತದೆ. ಮತ್ತೆ ಅರ್ಧಕ್ಕೆ ಇಳಿಸಿ, ಸೋಸಿ, ಮೂರು ಲೋಟ ಬಿಸಿ ಹಾಲು ಬೆರೆಸಿದರೆ ಗುಲಾಬಿ ಬಣ್ಣ. ಸಕ್ಕರೆ, ಮೇಲೆ ಪಿಸ್ತಾ ಬಾದಾಮಿ ಚೂರು. ಬಣ್ಣ ಕಂದಾದರೆ ಎಲೆ ಬೇರೆಯದು ಅಥವಾ ಸುರಿದದ್ದು ಸಾಲದು; ಚಹಾಪುಡಿಯಲ್ಲಿ ಇದು ಯಾವ ಜನ್ಮಕ್ಕೂ ಬರುವುದಿಲ್ಲ. ಸೋಪಿನ ರುಚಿ ಬಂದರೆ ಸೋಡಾ ಹೆಚ್ಚಾಗಿದೆ, ಚೆಲ್ಲಿ ಹೊಸದಾಗಿ ಮಾಡಿ.

ಚಹಾ ಕುದಿಯುವ ಹೊತ್ತು ಮಾತಿನ ಹೊತ್ತು. ‘ಶತ್ರು ದೇಶದ್ದನ್ನು ಯಾಕೆ ಕಲಿಯಬೇಕು?’ ಎಂದು ಒಬ್ಬರಾದರೂ ಕೇಳುತ್ತಾರೆ. ಬಾಯಿ ಮುಚ್ಚಿಸಬೇಡಿ, ಉಪದೇಶಕ್ಕೂ ಇಳಿಯಬೇಡಿ. 1947ರ ವಿಭಜನೆ, ಆಮೇಲಿನ ಯುದ್ಧಗಳು, ಭಯೋತ್ಪಾದನೆ ನಡೆದದ್ದು ನಿಜ, ಅವಕ್ಕೆ ಇತಿಹಾಸದ ತರಗತಿಯಲ್ಲಿ ಪೂರ್ತಿ ಹೊತ್ತು ಬೇಕು ಎಂದು ಒಪ್ಪಿಕೊಳ್ಳಿ. ಈ ಕೋಣೆಯಲ್ಲಿ ನಾವು ನೋಡುತ್ತಿರುವುದು ಕುಶಲಕರ್ಮಿಗಳ ಕೆಲಸ ಎಂದು ಹೇಳಿ ಚಹಾದ ಕಡೆ ತಿರುಗಿ. ಮಕ್ಕಳು ಎಳೆಯರಾದರೂ ಸುಳ್ಳು ಸಮಾಧಾನ ಗುರುತಿಸುತ್ತಾರೆ.

ಲಂಡನ್, ದುಬೈ, ಟೊರಾಂಟೊ ಕಡೆಯ ಕನ್ನಡ ಕೂಟಗಳಲ್ಲಿ ಸಮಸ್ಯೆ ಬೇರೆ. ಅಲ್ಲಿ ಮಕ್ಕಳ ತರಗತಿಯಲ್ಲೇ ಪಾಕಿಸ್ತಾನಿ ಮೂಲದ ಗೆಳೆಯರಿರುತ್ತಾರೆ. ಅವರ ತಾಯಿಯನ್ನೋ ತಾತನನ್ನೋ ಕರೆಯುವುದಾದರೆ ‘ನಿಮ್ಮ ದೇಶದ ಬಗ್ಗೆ ಮಾತಾಡಿ’ ಎನ್ನಬೇಡಿ. ‘ತಖ್ತಿ ಬರೆದಿದ್ದೀರಾ, ತೋರಿಸುತ್ತೀರಾ’ ಎಂದು ಒಂದೇ ಕೆಲಸಕ್ಕೆ ಕರೆಯಿರಿ. ಅವರ ಸರ್ಕಾರದ ಪರವಾಗಿ ಉತ್ತರ ಕೊಡುವ ಹೊರೆ ಅವರದಲ್ಲ ಎಂದು ಮಕ್ಕಳಿಗೂ ಮೊದಲೇ ತಿಳಿಸಿ. ಗೆಳೆಯನೊಬ್ಬ ‘ನನಗೇ ಇದೆಲ್ಲ ಗೊತ್ತಿಲ್ಲ’ ಅಂದರೆ ಅದೂ ಸರಿ. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಬಿದರಿ ಕೆಲಸ ಗೊತ್ತು?

ಪ್ರದರ್ಶನ ಇಡುವುದಾದರೆ ಚೀಟಿಯಲ್ಲಿ ಊರು, ಕೆಲಸ, ಸಾಮಗ್ರಿ, ಮಾಡಿದವರ ಹೆಸರು ಇರಲಿ: ‘ಫೂಲ್ ಪತ್ತಿ, ಕರಾಚಿ ಶೈಲಿ, ಹಾರ್ಡ್‌ಬೋರ್ಡ್ ಮೇಲೆ ಅಕ್ರಿಲಿಕ್.’ ತಖ್ತಿಗಳನ್ನು ತೊಳೆಯದೆ ಇಡಬಹುದು, ಆದರೆ ಮಲಗಿಸಿಯೇ ಇಡಿ. ಗೋಡೆಗೆ ಒರಗಿಸಿದರೆ ಎರಡನೆಯ ದಿನಕ್ಕೆ ಮಣ್ಣು ಉದುರುತ್ತದೆ. ಟ್ರಕ್ ಹಲಗೆಗಳನ್ನು ಒಂದಕ್ಕೊಂದು ತಾಗಿಸಿ ಒಂದೇ ಸಾಲಾಗಿ ತೂಗುಹಾಕಿ, ಎದುರಿನಿಂದ ಒಂದು ಟಾರ್ಚ್ ಬಿಡಿ, ಚಮಕ್ ಪಟ್ಟಿಯ ಕೆಲಸ ಆಗ ಕಾಣುತ್ತದೆ.